ಚಿನ್ನ ಹೋದ ಮೇಲೆ ಉಳಿದದ್ದು: ಕೋಲಾರದ ಗಣಿಯೂ ಪರಮಾಣು ತ್ಯಾಜ್ಯದ ಪ್ರಶ್ನೆಯೂ

ಕೊಡಗಿನ ಬ್ರಹ್ಮಗಿರಿಯ ಮಡಿಲಲ್ಲಿ ಹುಟ್ಟುವ ಕಾವೇರಿಗೂ ಕೋಲಾರದ ಬರಡು ಬಯಲಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ 1902ರಲ್ಲಿ ಈ ಎರಡು ನೆಲಗಳನ್ನು ಒಂದು ತಂತಿ ಕೂಡಿಸಿತು. ಕಾವೇರಿಯ ನೀರು ಶಿವನಸಮುದ್ರದಲ್ಲಿ ಧುಮುಕುವೆಡೆ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ಸಾಗಿ ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದರ ಅನಂತರ. ನಾಡಿನ ನೀರು, ನಾಡಿನ ನೆಲ, ದುಡಿಯುವವರ ದೇಹ, ಈ ಮೂರರಿಂದಲೂ ಆ ಗಣಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನವನ್ನು ಪಡೆಯಿತು. ಪಡೆದ ಚಿನ್ನದ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಪಡೆದ ಮೇಲೆ ಅಲ್ಲಿ ಏನು ಉಳಿಯಿತು, ಉಳಿದದ್ದು ಯಾರ ಪಾಲಿಗೆ ಬಂದಿತು ಎಂಬ ಚರಿತ್ರೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಅದೇ ಗಣಿಯ ಹೆಸರು 2012ರಲ್ಲಿ ಪರಮಾಣು ತ್ಯಾಜ್ಯದೊಂದಿಗೆ ಕೇಳಿಬಂದಾಗ ಈ ಎರಡನೆಯ ಚರಿತ್ರೆಯನ್ನು ಅರಿಯುವ ಅಗತ್ಯ ಇನ್ನಷ್ಟು ಸ್ಪಷ್ಟವಾಯಿತು.

ಗಣಿಯ ಏಳುಬೀಳು

ಕೋಲಾರ ಪುರಾತನವಾದ ಊರು. ಗಂಗ ಅರಸರು ತಲಕಾಡಿಗೆ ಬರುವ ಮುನ್ನ ಅವರ ರಾಜಧಾನಿಯಾಗಿದ್ದ ಕುವಲಾಲಪುರವೇ ಇದು. ಜೈನಧರ್ಮಕ್ಕೆ ಆಶ್ರಯವಿತ್ತ ಆ ವಂಶದ ಶಾಸನಗಳಲ್ಲಿ ಈ ಪುರದ ಹೆಸರು ಬಿರುದಾಗಿ ಬರುತ್ತದೆ. ಸುತ್ತಲಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದುದನ್ನು 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ವರದಿ ಮಾಡಿದನು. 1873ರಲ್ಲಿ ಮೈಕೇಲ್ ಲೆವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಅನುಮತಿಯನ್ನು ಕೋರಿದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲೆಂಡಿನ ಸಂಸ್ಥೆ ಕಾಲಿರಿಸಿದ ಮೇಲೆ ಮಾರಿಕುಪ್ಪಂ, ಊರಿಗಾಂ, ಚಾಂಪಿಯನ್ ರೀಫ್, ನಂದಿದುರ್ಗ ಎಂಬ ಹೆಸರುಗಳು ಲಂಡನ್ನಿನ ಪೇಟೆಯವರೆಗೂ ಪರಿಚಿತವಾದವು.

ಗಣಿಯಲ್ಲಿ ಇಳಿದವರಲ್ಲಿ ಬಹುಪಾಲು ಜನ ತಮಿಳು ನಾಡಿನ ಉತ್ತರ ಆರ್ಕಾಟ್ ಮೊದಲಾದ ಜಿಲ್ಲೆಗಳಿಂದ ಬಂದ ಬಡ ಕಾರ್ಮಿಕರು. ಚಾಂಪಿಯನ್ ರೀಫ್ ಗಣಿ ನೆಲಮಟ್ಟದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ಬಂಡೆಯೇ ಸುಡುತ್ತಿತ್ತು. ಒತ್ತಡ ತಾಳಲಾರದ ಕಲ್ಲು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಕಲ್ಲುಪುಡಿಯನ್ನು ವರ್ಷಾನುಗಟ್ಟಲೆ ಉಸಿರಾಡಿದವರ ಶ್ವಾಸಕೋಶಗಳನ್ನು ಸಿಲಿಕೋಸಿಸ್ ರೋಗ ಹಿಡಿಯುತ್ತಿತ್ತು. 1956ರಲ್ಲಿ ಮೈಸೂರು ರಾಜ್ಯ ಸರ್ಕಾರವು ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಸ್ಥಾಪನೆಯಾಯಿತು. ಆಳ ಹೆಚ್ಚಿದಂತೆ ಖರ್ಚು ಏರಿ, ಅದಿರಿನ ಸತ್ತ್ವ ಇಳಿದು, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬತೊಡಗಿತು. ಕೆಲಸ ಕಳೆದುಕೊಂಡ ಕುಟುಂಬಗಳ ಮಕ್ಕಳು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಪರಿಪಾಠ ಆರಂಭವಾಯಿತು.

ದಿಬ್ಬಗಳ ಲೆಕ್ಕ

ಗಣಿಯ ಜೀವಿತಾವಧಿಯಲ್ಲಿ ದೊರೆತ ಚಿನ್ನ ಸುಮಾರು 800 ಟನ್ ಎಂದೂ ಅದಕ್ಕಾಗಿ ಮೇಲೆತ್ತಿದ ಅದಿರು ಸುಮಾರು 5 ಕೋಟಿ ಟನ್ ಎಂದೂ ಅಂದಾಜು. ಈ ಲೆಕ್ಕವನ್ನು ಮನೆಯ ಅಳತೆಗೆ ಇಳಿಸಿದರೆ ಅದರ ಅರ್ಥ ತಿಳಿಯುತ್ತದೆ. ಒಂದು ಗ್ರಾಂ ಚಿನ್ನಕ್ಕೆ ಅರವತ್ತು ಕಿಲೋಗ್ರಾಮಿಗೂ ಮಿಕ್ಕಿದ ಕಲ್ಲು. ಎಂಟು ಗ್ರಾಮಿನ ಒಂದು ಪವನಿಗೆ ಸುಮಾರು ಅರ್ಧ ಟನ್ ಕಲ್ಲು. ಮದುವೆಯ ಸರವಾಗಲಿ ಬಸದಿಯ ಕಲಶದ ಲೇಪವಾಗಲಿ, ಅದರ ಹಿಂದೆ ಎಲ್ಲೋ ಒಂದೆಡೆ ಇಂತಹ ಒಂದು ರಾಶಿ ಬಿದ್ದಿರುತ್ತದೆ. ಚಿನ್ನ ಕೈಯಿಂದ ಕೈಗೆ ದಾಟಿ ದೂರ ಹೋಗುತ್ತದೆ. ರಾಶಿ ಮಾತ್ರ ಇದ್ದಲ್ಲೇ ಇರುತ್ತದೆ.

ಆ ರಾಶಿ ಬರಿಯ ಕಲ್ಲುಪುಡಿಯಾಗಿದ್ದರೆ ಅಷ್ಟು ಚಿಂತೆಗೆ ಕಾರಣವಿರಲಿಲ್ಲ. 1887ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಯನೈಡ್ ವಿಧಾನವೊಂದಕ್ಕೆ ಹಕ್ಕುಪತ್ರ ದೊರೆಯಿತು. ಅದಿರನ್ನು ಕುಟ್ಟಿ ಪುಡಿಮಾಡಿ, ತೆಳುವಾದ ಸಯನೈಡ್ ದ್ರಾವಣದಲ್ಲಿ ನೆನೆಸಿದರೆ ಬರಿಗಣ್ಣಿಗೆ ಕಾಣದ ಚಿನ್ನವೂ ಕರಗಿ ಬರುತ್ತದೆ. ಅನಂತರ ಸತುವಿನ ನೆರವಿನಿಂದ ಅದನ್ನು ಬೇರ್ಪಡಿಸಬಹುದು. ಕೋಲಾರವು ಈ ವಿಧಾನವನ್ನು ಅಳವಡಿಸಿಕೊಂಡಿತು. ಚಿನ್ನವನ್ನು ಕಳೆದುಕೊಂಡ ಬೂದುಬಣ್ಣದ ಪುಡಿ ಪಟ್ಟಣದ ಬದಿಯಲ್ಲೇ ಬಿದ್ದು ಬೆಳೆಯುತ್ತ ಬೆಳೆಯುತ್ತ ಬೆಟ್ಟವಾಯಿತು. ಸ್ಥಳೀಯರು ಅವನ್ನು ಸಯನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಹದಿಮೂರು ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ ಇದೆಯೆಂದು ಲೆಕ್ಕ ಹಾಕಲಾಗಿದೆ. ಚಲನಚಿತ್ರಗಳಲ್ಲಿ ಆ ದಿಬ್ಬಗಳು ವಿಚಿತ್ರ ಸೌಂದರ್ಯದ ನೆಲೆಯಾಗಿ ಕಾಣುತ್ತವೆ. ಅವುಗಳ ಕೆಳಗೆ ವಾಸಿಸುವವರಿಗೆ ಗಾಳಿಕಾಲದಲ್ಲಿ ಬಾಗಿಲು ಮುಚ್ಚಿದರೂ ಒಳನುಗ್ಗುವ ಧೂಳಾಗಿ ಪರಿಚಿತವಾಗಿವೆ.

ಇಲ್ಲಿ ಒಂದು ವಿವೇಚನೆ ಅವಶ್ಯ. ಹೆಸರಿಗೆ ಅಂಜಿಕೆ ಹುಟ್ಟಿಸುವ ಸಯನೈಡು ಬಿಸಿಲು ಗಾಳಿಗಳ ಸಂಪರ್ಕದಲ್ಲಿ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆ ಹೊಂದುತ್ತದೆ. ಅದಿರಿನೊಡನೆ ಬಂದ ಗಂಧಕದ ಖನಿಜಗಳ ಸ್ವಭಾವ ಬೇರೆ. ಅವು ನೀರು ಗಾಳಿ ತಾಕಿದಂತೆಲ್ಲ ಆಮ್ಲವನ್ನು ಹುಟ್ಟಿಸುತ್ತವೆ. ಆಮ್ಲವು ಪುಡಿಯಲ್ಲಿರುವ ಲೋಹಗಳನ್ನು ಕರಗಿಸಿ ಮಳೆನೀರಿನ ಜೊತೆ ಕೆಳಗಿನ ನೆಲಕ್ಕೆ ಇಳಿಸುತ್ತದೆ. ಹೆಸರಾಂತ ವಿಷಕ್ಕಿಂತ ಹೆಸರಿಲ್ಲದ ವಿಷ ಹೆಚ್ಚು ಕಾಲ ಬಾಳುತ್ತದೆ. ಆದುದರಿಂದ ಇಂತಹ ದಿಬ್ಬಗಳನ್ನು ಶುಚಿಗೊಳಿಸುವುದೆಂದರೆ ಅವನ್ನು ಇಲ್ಲವಾಗಿಸುವುದಲ್ಲ. ಸುಣ್ಣದಿಂದ ಆಮ್ಲವನ್ನು ತಗ್ಗಿಸುವುದು, ಒಳ್ಳೆಯ ಮಣ್ಣನ್ನು ಹೊದಿಸುವುದು, ಹುಲ್ಲು ಮರಗಳನ್ನು ಬೆಳೆಸಿ ಧೂಳನ್ನು ಕಟ್ಟಿಹಾಕುವುದು, ಹರಿದುಬರುವ ನೀರನ್ನು ಕಾಲುವೆಗಳಲ್ಲಿ ತಡೆದು ಪರೀಕ್ಷಿಸುವುದು ಮತ್ತು ಈ ಎಲ್ಲವನ್ನೂ ತಲೆಮಾರುಗಳವರೆಗೆ ನೋಡಿಕೊಳ್ಳುವುದು.

ಆಳದ ಬಂಡೆ

ಕೋಲಾರದ ಆಳಕ್ಕೆ ಚಿನ್ನದ ಹೊರತಾಗಿ ಇನ್ನೊಂದು ಕೀರ್ತಿಯೂ ಸಲ್ಲುತ್ತದೆ. ಎರಡು ಕಿಲೋಮೀಟರಿಗೂ ದಪ್ಪವಾದ ಬಂಡೆಯ ಹೊದಿಕೆ ಆಕಾಶದಿಂದ ಬರುವ ಕಣಗಳನ್ನು ಬಹುತೇಕ ತಡೆದುಬಿಡುತ್ತದೆ. ಈ ಅನುಕೂಲದಿಂದಾಗಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಕೂಡಿ 1965ರಲ್ಲಿ ಇಲ್ಲಿ ವಾಯುಮಂಡಲದ ನ್ಯೂಟ್ರಿನೊ ಕಣಗಳ ಕುರುಹನ್ನು ಪತ್ತೆಹಚ್ಚಿದರು. ಮುಂದೆ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಇದೇ ಗಣಿಯ ಸುಮಾರು ಸಾವಿರ ಮೀಟರ್ ಆಳದ ಒಂದು ಕೋಣೆಯಲ್ಲಿ ಬಂಡೆಯನ್ನು ವಿದ್ಯುತ್ ಶಾಖಕಗಳಿಂದ ಕಾಯಿಸಿ ಅದರ ವರ್ತನೆಯನ್ನು ವರ್ಷಗಟ್ಟಲೆ ಅಳೆದರು. ಪರಮಾಣು ತ್ಯಾಜ್ಯವು ತನ್ನಷ್ಟಕ್ಕೆ ಬಿಸಿಯನ್ನು ಹೊರಸೂಸುತ್ತದೆ. ಮುಂದೆಂದೋ ಅದನ್ನು ಆಳದ ಬಂಡೆಯಲ್ಲಿ ಇರಿಸಬೇಕಾದರೆ ಬಂಡೆ ಆ ಬಿಸಿಯನ್ನು ಹೇಗೆ ತಾಳುತ್ತದೆ ಎಂಬುದನ್ನು ಅರಿಯುವುದು ಆ ಪ್ರಯೋಗದ ಉದ್ದೇಶವಾಗಿತ್ತು.

2012ರ ನವೆಂಬರಿನಲ್ಲಿ ಕೂಡಂಕುಳಂ ಪರಮಾಣು ಸ್ಥಾವರದ ಮೊಕದ್ದಮೆಯು ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಯಲ್ಲಿದ್ದಾಗ, ಬಳಸಿದ ಇಂಧನದ ಅಂತಿಮ ನೆಲೆಯ ಪ್ರಸಂಗದಲ್ಲಿ ಕೋಲಾರದ ಪಾಳುಗಣಿಯ ಹೆಸರು ಪ್ರಸ್ತಾಪವಾಯಿತು. ಕೋಲಾರ ಜಿಲ್ಲೆಯಲ್ಲಿ ಜನ ಬೀದಿಗಿಳಿದರು. ರಾಜ್ಯ ಸರ್ಕಾರವೂ ವಿರೋಧವನ್ನು ತಿಳಿಸಿತು. ಕೆಲವೇ ದಿನಗಳಲ್ಲಿ ಅಂತಹ ಯಾವ ಯೋಜನೆಯೂ ಇಲ್ಲವೆಂಬ ಸ್ಪಷ್ಟೀಕರಣ ಬಂದಿತು. ಭಾರತದಲ್ಲಿ ಬಳಸಿದ ಇಂಧನವನ್ನು ಸಂಸ್ಕರಿಸಿ, ಉಳಿಯುವ ತೀವ್ರ ತ್ಯಾಜ್ಯವನ್ನು ಗಾಜಿನಲ್ಲಿ ಎರಕಹೊಯ್ದು ತಾರಾಪುರ, ಟ್ರಾಂಬೆ, ಕಲ್ಪಾಕ್ಕಂಗಳಂತಹ ಕೇಂದ್ರಗಳಲ್ಲಿ ಕಾವಲಿನಲ್ಲಿರಿಸುವ ಕ್ರಮವಿದೆ. ಆಳದ ಶಾಶ್ವತ ನೆಲೆಯನ್ನು ದೇಶದಲ್ಲಿ ಇನ್ನೂ ನಿರ್ಮಿಸಿಲ್ಲ.

ವಿವಾದ ಶಮನವಾಯಿತು. ಆದರೆ ಆ ಪ್ರಸ್ತಾಪದ ಹಿಂದಿನ ಯೋಚನೆಯನ್ನು ಪರಿಶೀಲಿಸಬೇಕು. ಒಮ್ಮೆ ಅಗೆದು ಬರಿದಾದ ನೆಲ ಇನ್ನಾವುದಕ್ಕೂ ಬೇಡ, ಆದ್ದರಿಂದ ಬೇಡವಾದದ್ದನ್ನೆಲ್ಲ ಅಲ್ಲಿಗೇ ಹಾಕಬಹುದು ಎಂಬ ಭಾವನೆ ಜಗತ್ತಿನ ಬೇರೆಡೆಗಳಲ್ಲೂ ಇತ್ತು. ಅದು ಎಂತಹ ಫಲವನ್ನು ಕೊಟ್ಟಿತೆಂಬುದಕ್ಕೆ ಜರ್ಮನಿಯ ಒಂದು ಗಣಿ ಸಾಕ್ಷಿಯಾಗಿದೆ.

ಆಸ್ಸೆ ಗಣಿಯ ಪಾಠ

ಜರ್ಮನಿಯ ಲೋವರ್ ಸ್ಯಾಕ್ಸನಿ ಪ್ರಾಂತದ ಆಸ್ಸೆ ಎಂಬಲ್ಲಿ ಉಪ್ಪಿನ ಗಣಿಯೊಂದು 1964ರಲ್ಲಿ ಕೆಲಸ ನಿಲ್ಲಿಸಿತು. ಸರ್ಕಾರ ಅದನ್ನು ಕೊಂಡು, ಸಂಶೋಧನೆಯ ಹೆಸರಿನಲ್ಲಿ 1967ರಿಂದ 1978ರವರೆಗೆ ಸುಮಾರು 1,26,000 ಪೀಪಾಯಿಗಳಷ್ಟು ವಿಕಿರಣಶೀಲ ತ್ಯಾಜ್ಯವನ್ನು ಅದರೊಳಗೆ ಇಳಿಸಿತು. ಉಪ್ಪಿನ ಗಣಿ ಒಣಗಿರುತ್ತದೆ, ಲಕ್ಷಾಂತರ ವರ್ಷ ನೀರು ತಾಗದ ಜಾಗ ಮುಂದೆಯೂ ಹಾಗೆಯೇ ಇರುತ್ತದೆ ಎಂಬುದು ಆಗಿನ ನಂಬಿಕೆ. ಆದರೆ ಮನುಷ್ಯ ಕೊರೆದ ಮೇಲೆ ಆ ಬೆಟ್ಟ ಮೊದಲಿನ ಬೆಟ್ಟವಾಗಿ ಉಳಿದಿರಲಿಲ್ಲ. ಪೊಳ್ಳಾದ ಕೋಣೆಗಳು ಕುಸಿಯತೊಡಗಿದವು, ಬಿರುಕುಗಳು ಮೂಡಿದವು. 1988ರಿಂದ ಉಪ್ಪುನೀರು ಒಳಜಿನುಗುವುದು ಕಂಡುಬಂದಿತು. ದಿನಕ್ಕೆ ಸುಮಾರು ಹನ್ನೆರಡು ಸಾವಿರ ಲೀಟರ್ ನೀರನ್ನು ಹಿಡಿದು ಮೇಲೆತ್ತಬೇಕಾಯಿತು.

2010ರಲ್ಲಿ, ಇಳಿಸಿದ ಪೀಪಾಯಿಗಳನ್ನೆಲ್ಲ ಮತ್ತೆ ಹೊರತೆಗೆಯುವುದೇ ಒಳಿತೆಂದು ನಿರ್ಧರಿಸಲಾಯಿತು. 2013ರಲ್ಲಿ ಅದಕ್ಕಾಗಿ ಕಾನೂನೂ ಆಯಿತು. ಹೊರತೆಗೆಯುವ ಕಾರ್ಯವನ್ನು 2030ರ ದಶಕದಲ್ಲಿ ಆರಂಭಿಸಲು ಯೋಜಿಸಲಾಗಿದೆ. ಹಾಕಲು ಹನ್ನೊಂದು ವರ್ಷ ಸಾಕಾಯಿತು. ತೆಗೆಯಲು ಸಿದ್ಧತೆಗೇ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಗಿದೆ. ಹಾಕಿದವರಲ್ಲಿ ಅನೇಕರು ಈಗ ಇಲ್ಲ. ಹೊರೆ ಹೊತ್ತವರು ಅವರ ಮೊಮ್ಮಕ್ಕಳು. ನೀರು ತುಂಬಿದ, ಒತ್ತಡದಿಂದ ಬಂಡೆ ಸಿಡಿಯುತ್ತಿದ್ದ ಕೋಲಾರದ ಸುರಂಗಗಳ ಚರಿತ್ರೆಯನ್ನು ಬಲ್ಲವರಿಗೆ ಆಸ್ಸೆಯ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶುಚಿಗೊಳಿಸುವುದೆಂದರೆ ಏನು

ವಿಕಿರಣಶೀಲ ವಸ್ತುವನ್ನು ಸುಟ್ಟರೂ ತೊಳೆದರೂ ಅದರ ಗುಣ ನಾಶವಾಗುವುದಿಲ್ಲ. ಸುಟ್ಟರೆ ಹೊಗೆಯಲ್ಲಿ, ತೊಳೆದರೆ ತೊಳೆದ ನೀರಿನಲ್ಲಿ ಅದು ಇದ್ದೇ ಇರುತ್ತದೆ. ಅದನ್ನು ಒಂದೆಡೆ ಕೂಡಿಹಾಕಿ, ಜೀವಿಗಳಿಂದ ದೂರವಿರಿಸಿ, ಅದರ ಶಕ್ತಿ ತಾನಾಗಿ ಕುಂದುವವರೆಗೆ ಕಾಯುವುದೊಂದೇ ಮನುಷ್ಯನಿಗೆ ಸಾಧ್ಯವಾದ ಶುಚಿ.

1987ರಲ್ಲಿ ಬ್ರೆಜಿಲ್ ದೇಶದ ಗೋಯಾನಿಯಾ ನಗರದಲ್ಲಿ ಒಂದು ದುರಂತ ನಡೆಯಿತು. ಬಿಟ್ಟುಹೋಗಿದ್ದ ಚಿಕಿತ್ಸಾಲಯದ ಕಟ್ಟಡದಲ್ಲಿ ಅರ್ಬುದರೋಗದ ಚಿಕಿತ್ಸೆಯ ಯಂತ್ರವೊಂದು ಉಳಿದಿತ್ತು. ಗುಜರಿಗೆ ಮಾರುವ ಆಸೆಯಿಂದ ಇಬ್ಬರು ಅದರ ಭಾಗವನ್ನು ಕಳಚಿ ಒಯ್ದರು. ಒಳಗಿದ್ದ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದುದರಿಂದ ಅದನ್ನು ಬಂಧುಮಿತ್ರರಿಗೆ ಹಂಚಲಾಯಿತು. ಒಬ್ಬ ಎಳೆಯ ಬಾಲಕಿಯೂ ಸೇರಿ ನಾಲ್ವರು ಮೃತಪಟ್ಟರು. 1,12,000 ಜನರನ್ನು ಪರೀಕ್ಷಿಸಬೇಕಾಯಿತು. ಮನೆಗಳನ್ನು ಕೆಡವಿ, ಮೇಲ್ಮಣ್ಣನ್ನು ಕೆರೆದು ತೆಗೆದರು. ಮೂಲದಲ್ಲಿದ್ದ ಪುಡಿ 93 ಗ್ರಾಂ ಮಾತ್ರ. ಅದನ್ನು ಶುಚಿಗೊಳಿಸುವಾಗ ಹುಟ್ಟಿದ ತ್ಯಾಜ್ಯ ಸುಮಾರು 3,500 ಘನಮೀಟರ್. ಒಂದು ಗ್ರಾಂ ಚಿನ್ನದ ಹಿಂದೆ ಬೆಟ್ಟ ಬೆಳೆದಂತೆ, ಒಂದು ಹಿಡಿ ಪುಡಿಯ ಅಜಾಗರೂಕತೆಯ ಹಿಂದೆಯೂ ಬೆಟ್ಟ ಬೆಳೆಯಿತು.

ಭಾರತದಲ್ಲಿಯೇ 2010ರ ಏಪ್ರಿಲಿನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಇಂತಹುದೇ ಘಟನೆ ಸಂಭವಿಸಿತು. ದೆಹಲಿ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ 1985ರಿಂದ ಬಳಕೆಯಲ್ಲಿರದ ಗಾಮಾ ವಿಕಿರಣದ ಉಪಕರಣವು ಹಳೆಯ ಸಾಮಾನುಗಳ ಹರಾಜಿನಲ್ಲಿ ಮಾರಾಟವಾಯಿತು. ಒಳಗಿದ್ದ ಕೋಬಾಲ್ಟ್ ಇಪ್ಪತ್ತೈದು ವರ್ಷಗಳ ಅನಂತರವೂ ಪ್ರಾಣಘಾತುಕವಾಗಿತ್ತು. ಒಬ್ಬ ಕಾರ್ಮಿಕ ಮೃತಪಟ್ಟನು, ಹಲವರು ಆಸ್ಪತ್ರೆ ಸೇರಿದರು. ತಜ್ಞರು ಬಂದು ಚೂರುಗಳನ್ನು ಹುಡುಕಿ ಸೀಸದ ಪೆಟ್ಟಿಗೆಗಳಲ್ಲಿ ಒಯ್ದರು. ಗೋಯಾನಿಯಾದಲ್ಲಾಗಲಿ ಮಾಯಾಪುರಿಯಲ್ಲಾಗಲಿ ಯಾರೂ ಕೊಲ್ಲಬೇಕೆಂದು ಸಂಕಲ್ಪಿಸಿರಲಿಲ್ಲ. ಕೈಯಲ್ಲಿರುವುದು ಏನೆಂದು ನೋಡದೆ ಬಿಟ್ಟುಬಿಟ್ಟರು, ಅಷ್ಟೆ. ಪ್ರಾಣಹಾನಿಗೆ ಅಷ್ಟೇ ಸಾಕಾಯಿತು. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಬೋಧಿಸಿದುದರ ಅರ್ಥ ಇಲ್ಲಿ ಗುಜರಿ ಅಂಗಡಿಯ ಮುಂದೆ ಪ್ರತ್ಯಕ್ಷವಾಗುತ್ತದೆ.

ಕಾಲದ ಅಳತೆ

ಕೋಬಾಲ್ಟಿನ ಶಕ್ತಿ ಐದು ವರ್ಷಕ್ಕೊಮ್ಮೆ, ಸೀಸಿಯಮ್ಮಿನದು ಮೂವತ್ತು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಪ್ಲುಟೋನಿಯಂ ಅರ್ಧವಾಗಲು ಸುಮಾರು 24,000 ವರ್ಷ ಬೇಕು. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಉಪ್ಪಿನ ಪದರದೊಳಗೆ 1999ರಿಂದ ತ್ಯಾಜ್ಯವನ್ನು ಇರಿಸುತ್ತಿರುವ ನೆಲೆಯೊಂದಿದೆ. ಅಲ್ಲಿ ಮುಂದಿನ 10,000 ವರ್ಷಗಳವರೆಗೆ ಯಾರೂ ಅಗೆಯದಂತೆ ಎಚ್ಚರಿಸುವ ಗುರುತುಗಳನ್ನು ಹೇಗೆ ನಿಲ್ಲಿಸಬೇಕೆಂದು ವಿದ್ವಾಂಸರ ಸಮಿತಿಗಳು ಚರ್ಚಿಸಿವೆ. ಅಂದಿನ ಜನ ಯಾವ ಭಾಷೆಯನ್ನಾಡುವರೋ ಯಾರೂ ಅರಿಯರು.

ಈ ಕಷ್ಟವನ್ನು ಶ್ರವಣಬೆಳಗೊಳದ ಯಾತ್ರಿಕರು ಸುಲಭವಾಗಿ ಗ್ರಹಿಸಬಲ್ಲರು. ಚಿಕ್ಕಬೆಟ್ಟದ ಬಂಡೆಯ ಮೇಲೆ ಸಲ್ಲೇಖನವನ್ನು ಸ್ವೀಕರಿಸಿದವರ ನೆನಪಿಗೆ ಏಳನೆಯ ಶತಮಾನದಿಂದ ಕೆತ್ತಿದ ಶಾಸನಗಳಿವೆ. ಸುಮಾರು ಸಾವಿರದ ನಾಲ್ಕುನೂರು ವರ್ಷ ಮಾತ್ರ ಕಳೆದಿದೆ. ಭಾಷೆ ಕನ್ನಡವೇ, ನೆಲವೂ ಇದೇ, ಧರ್ಮಪರಂಪರೆಯೂ ಮುರಿದಿಲ್ಲ. ಆದರೂ ಪೂರ್ವದ ಹಳಗನ್ನಡದ ಆ ಅಕ್ಷರಗಳನ್ನು ವಿದ್ವಾಂಸರ ನೆರವಿಲ್ಲದೆ ಯಾತ್ರಿಕರು ಓದಲಾರರು. ಹಾಗಿರುವಾಗ ಅದರ ಏಳು ಪಟ್ಟು ಕಾಲದಾಚೆಗೆ ಎಚ್ಚರಿಕೆಯ ಒಂದು ಮಾತನ್ನು ದಾಟಿಸುವುದು ಎಂತಹ ಹೊಣೆ!

ಅದೇ ನ್ಯೂ ಮೆಕ್ಸಿಕೊ ನೆಲೆಯಲ್ಲಿ ತೆರೆದ ಹದಿನೈದೇ ವರ್ಷಗಳಲ್ಲಿ, 2014ರ ಫೆಬ್ರವರಿಯಲ್ಲಿ ಒಂದು ಪೀಪಾಯಿ ಸಿಡಿಯಿತು. ತೇವವನ್ನು ಹೀರಲು ಹಾಕಬೇಕಾದ ಖನಿಜದ ಪುಡಿಯ ಬದಲು ಗೋಧಿಯಿಂದ ಮಾಡಿದ ಪುಡಿಯನ್ನು ತುಂಬಿದ್ದು ಅದಕ್ಕೆ ಕಾರಣವಾಗಿತ್ತು. ಮೂರು ವರ್ಷ ಆ ನೆಲೆ ಮುಚ್ಚಿತ್ತು. ಹತ್ತು ಸಾವಿರ ವರ್ಷಗಳ ಯೋಜನೆಗೆ ಪೆಟ್ಟು ಕೊಟ್ಟದ್ದು ಒಂದು ಮುಷ್ಟಿ ಪುಡಿಯ ಆಯ್ಕೆ.

ಇಡುವ ಎಚ್ಚರ, ಬಿಡುವ ಎಚ್ಚರ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಐದು ಸಮಿತಿಗಳನ್ನು ಹೆಸರಿಸುತ್ತಾರೆ. ನಡೆಯುವುದರಲ್ಲಿ, ನುಡಿಯುವುದರಲ್ಲಿ, ಆಹಾರವನ್ನು ಸ್ವೀಕರಿಸುವುದರಲ್ಲಿ ಎಚ್ಚರ ಬೇಕೆಂಬುದು ಎಲ್ಲರ ನೆನಪಿನಲ್ಲಿದೆ. ಉಳಿದ ಎರಡರ ಕಡೆಗೆ ಗಮನ ಕಡಿಮೆ. ನಾಲ್ಕನೆಯದು ಆದಾನ-ನಿಕ್ಷೇಪಣ, ವಸ್ತುವನ್ನು ಎತ್ತಿಕೊಳ್ಳುವಾಗಲೂ ಇಡುವಾಗಲೂ ಇರಬೇಕಾದ ಜಾಗರೂಕತೆ. ಐದನೆಯದು ಉತ್ಸರ್ಗ, ಬೇಡವಾದುದನ್ನು ಬಿಡುವಾಗ ಇರಬೇಕಾದ ಜಾಗರೂಕತೆ. ಮುನಿಗಳು ಮಲವನ್ನು ವಿಸರ್ಜಿಸುವ ಮುನ್ನ ಸ್ಥಳವನ್ನು ಕಣ್ಣಾರೆ ನೋಡುತ್ತಾರೆ, ಪಿಂಛಿಯಿಂದ ಮೃದುವಾಗಿ ಸವರುತ್ತಾರೆ, ಜೀವಜಂತುಗಳಿಲ್ಲದ ಎಡೆಯನ್ನೇ ಆರಿಸುತ್ತಾರೆ.

ಈ ನಿಯಮವು ಮುನಿಧರ್ಮಕ್ಕೆ ಸೇರಿದ್ದು ನಿಜ. ಆದರೆ ಅದರ ತಿರುಳು ಶ್ರಾವಕರಿಗೂ ಹೊರತಲ್ಲ. ಬಿಡುವ ಕ್ರಿಯೆಯೂ ಕರ್ತೃವಿನ ಕ್ರಿಯೆಯೇ ಎಂಬುದು ಆ ತಿರುಳು. ಬಿಟ್ಟ ಮೇಲೆ ವಸ್ತು ತನ್ನದಲ್ಲವೆಂದು ತಿರುಗಿ ನಡೆಯುವವನಿಗೆ ಉತ್ಸರ್ಗ ಸಮಿತಿಯಲ್ಲಿ ಸ್ಥಾನವಿಲ್ಲ. ಕೋಲಾರದಲ್ಲಿ ಎತ್ತಿಕೊಳ್ಳುವ ವಿದ್ಯೆ ಮೂರು ಕಿಲೋಮೀಟರ್ ಆಳದವರೆಗೆ ಬೆಳೆಯಿತು. ಇಡುವ, ಬಿಡುವ ವಿದ್ಯೆ ಊರಿನ ಅಂಚನ್ನೂ ದಾಟಲಿಲ್ಲ. ಆಸ್ಸೆ, ಗೋಯಾನಿಯಾ, ಮಾಯಾಪುರಿಗಳಲ್ಲಿ ಲೋಪವಾದದ್ದೂ ಇದೇ ವಿದ್ಯೆ.

ಕೋಲಾರದ ದಿಬ್ಬಗಳ ಅಧ್ಯಾಯ ಮುಗಿದಿಲ್ಲ. ಸುಮಾರು 1,003 ಎಕರೆಯಲ್ಲಿ ಹರಡಿರುವ ಆ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅಲ್ಲಿ ಉಳಿದಿರುವ ಚಿನ್ನ ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ. ಅದನ್ನು ತೆಗೆಯಲು ಸಾಮಾನ್ಯವಾಗಿ ಮತ್ತೆ ಸಯನೈಡೇ ಬೇಕು. ತೆಗೆದ ಮೇಲೂ ಬಹುತೇಕ ಅಷ್ಟೇ ಪುಡಿ ಉಳಿಯುತ್ತದೆ. ಈ ಸಲ ಅದನ್ನು ಆಮ್ಲ ಸೋರದಂತೆ, ಧೂಳೇಳದಂತೆ, ನೆಲದ ನೀರಿಗೆ ತಾಗದಂತೆ ಇರಿಸಿದರೆ ಹಳೆಯ ತಪ್ಪಿಗೆ ಒಂದು ಪ್ರಾಯಶ್ಚಿತ್ತವಾದೀತು. ಚಿನ್ನವನ್ನಷ್ಟೇ ಎತ್ತಿಕೊಂಡು ಹೋದರೆ ಅದೇ ಜನರ ಮೇಲೆ ಅದೇ ಹೊರೆ ಎರಡನೆಯ ಸಲ ಬೀಳುತ್ತದೆ. ಕರಾರುಪತ್ರದಲ್ಲಿ ಚಿನ್ನದ ಪಾಲಿಗೆ ಕೊಡುವಷ್ಟೇ ಸ್ಥಾನವನ್ನು ಉಳಿಯುವ ಪುಡಿಗೂ ಕೊಡಲಾಗಿದೆಯೇ ಎಂದು ನಾಡಿನವರು ಕೇಳಬೇಕು. ಕೇಳುವ ಹಕ್ಕು ಮೊದಲು ಆ ದಿಬ್ಬಗಳ ಕೆಳಗಿರುವವರದು. ಚಿನ್ನವನ್ನು ಧರಿಸುವವರಿಗೂ ದೇವರಿಗೆ ಅರ್ಪಿಸುವವರಿಗೂ ಅದು ಹಕ್ಕಿಗಿಂತ ಮಿಗಿಲಾಗಿ ಕರ್ತವ್ಯ.

ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಇದನ್ನು ಆಚರಿಸಲು ಎಡೆಯಿದೆ. ಕೊಡಗಿನ ಕಾಫಿ ತೋಟದ ಉಗ್ರಾಣದಲ್ಲಿ ಹಳೆಯ ಕೀಟನಾಶಕದ ಡಬ್ಬಿಗಳಿರಬಹುದು. ಕಾಂಡಕೊರಕ ಹುಳುವಿಗೆ ಹಿಂದೆ ಬಳಸುತ್ತಿದ್ದ ಲಿಂಡೇನ್ ಔಷಧಿಯನ್ನು 2013ರಿಂದ ದೇಶದಲ್ಲಿ ಬಳಸುವಂತಿಲ್ಲ. ಅದನ್ನು ಹೊಳೆಯ ದಂಡೆಯಲ್ಲಿ ಹೂತರೆ ಕಾವೇರಿಯೇ ಅದನ್ನು ಊರಿಂದೂರಿಗೆ ಒಯ್ಯುತ್ತಾಳೆ. ಬಸದಿಯ ಹಳೆಯ ಬ್ಯಾಟರಿಗಳನ್ನು, ಪಾದರಸವಿರುವ ಕೊಳವೆದೀಪಗಳನ್ನು ಹಿತ್ತಿಲಿಗೆ ಎಸೆಯುವ ಬದಲು ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸಿ, ಒಪ್ಪಿಸಿದ ರಸೀದಿಯನ್ನು ಟ್ರಸ್ಟಿನ ಲೆಕ್ಕಪುಸ್ತಕದಲ್ಲಿ ಕಾಪಿಡಬಹುದು. ಬಂದ ಕಾಣಿಕೆಗೆ ಲೆಕ್ಕವಿಡುವ ಸಂಸ್ಥೆ ಹೊರಹೋದ ಕಸಕ್ಕೂ ಲೆಕ್ಕವಿಟ್ಟರೆ ಐದನೆಯ ಸಮಿತಿಗೆ ಗೃಹಸ್ಥರು ಸಲ್ಲಿಸಬಹುದಾದ ಗೌರವ ಸಂದಂತಾಗುತ್ತದೆ.